ಕಲೀಚೆ: ಮಳೆ ಕಾಣದ ನೆಲದ ಉಪ್ಪು

ನಿಮ್ಮ ಕಾಲಡಿಯ ಈ ಮಾಸಲು ಬಿಳಿಯ ಗಟ್ಟಿ ಪದರವೇ ‘ಕಲೀಚೆ’. ಇದರಲ್ಲಿರುವ ಸೋಡಿಯಂ ನೈಟ್ರೇಟ್ ನೀರು ತಾಗಿದರೆ ಕರಗುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಮಳೆಯೇ ಅಪರೂಪ, ಹಾಗಾಗಿ ಲಕ್ಷಾಂತರ ವರ್ಷಗಳಿಂದ ಉಳಿದುಬಂದಿದೆ.

‘ಲಾ ಪಾಲ್ಮಾ’ ಎಂಬ ಹೆಸರಿನಿಂದ ಆರಂಭವಾದ ಹಂಬರ್‌ಸ್ಟೋನ್ ಕಾರ್ಖಾನೆಯ ಆವರಣವಿದು. ಆಗ ಈ ನೆಲ ಪೆರುವಿನದು. 1879ರಲ್ಲಿ ಶುರುವಾದ ಯುದ್ಧದ ನಂತರ ಚಿಲಿಯದಾಯಿತು. ಸಿಡಿಮದ್ದಿನಿಂದ ಒಡೆದ ಕಲೀಚೆಯನ್ನು ದೊಡ್ಡ ತೊಟ್ಟಿಗಳಲ್ಲಿ ಬಿಸಿನೀರಿನೊಡನೆ ಕಾಯಿಸಿ, ತಿಳಿಯನ್ನು ಬಸಿದು ಆರಲು ಬಿಡುತ್ತಿದ್ದರು. ತಳದಲ್ಲಿ ಉಪ್ಪಿನ ಹರಳು ಕೂಡುತ್ತಿತ್ತು. ಯುರೋಪಿನ ಹೊಲಗಳಿಗೆ ಗೊಬ್ಬರ, ಸೇನೆಗಳಿಗೆ ಸ್ಫೋಟಕ, ಎರಡೂ ಇದರಿಂದಲೇ. ಉಳಿದ ದ್ರಾವಣದಿಂದ ಅಯೋಡಿನ್ ಸಿಗುತ್ತಿತ್ತು.

ಈ ಸಂಪತ್ತನ್ನು ಅಗೆದವರಿಗೆ ಸಿಕ್ಕಿದ್ದು ಬಿಲ್ಲೆಗಳ ಕೂಲಿ, ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವಂಥದು. ನ್ಯಾಯ ಕೇಳಲು ಮರುಭೂಮಿ ದಾಟಿ ಇಕೀಕೆ ಬಂದರಿಗೆ ಹೋದ ಮುಷ್ಕರನಿರತರ ಮೇಲೆ 1907ರ ಡಿಸೆಂಬರ್ 21ರಂದು, ಸಾಂತಾ ಮರಿಯಾ ಶಾಲೆಯಲ್ಲಿ, ಸೈನ್ಯ ಗುಂಡು ಹಾರಿಸಿತು. ಹೆಂಗಸರು, ಮಕ್ಕಳೂ ಸತ್ತರು. ಈ ಕಾರ್ಖಾನೆಯ ಯಾವ ಕಥೆಯನ್ನೂ ಆ ದಿನವನ್ನು ಬಿಟ್ಟು ಹೇಳಲಾಗದು.

ಜರ್ಮನ್ನರು ಗಾಳಿಯ ಸಾರಜನಕದಿಂದಲೇ ಗೊಬ್ಬರ ಮಾಡಲು ಕಲಿತ ಮೇಲೆ ಬೇಡಿಕೆ ಕುಸಿಯಿತು. 1960ರಲ್ಲಿ ಕೆಲಸ ನಿಂತಿತು. 2005ರಿಂದ ಇದು ವಿಶ್ವ ಪರಂಪರೆಯ ತಾಣ.

ದಯವಿಟ್ಟು ಇಲ್ಲಿಂದ ಒಂದು ಚೂರನ್ನೂ ಎತ್ತಿಕೊಂಡು ಹೋಗಬೇಡಿ.