ಕಲ್ಲು ಕಂಡರೆ ಸಾಲದು, ದಾರಿಯೂ ಕಾಣಬೇಕು

ಯಸಳೂರು ಸುತ್ತಿನ ಕಾಫಿ ತೋಟಗಳ ಕಡೆ, ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿಗೆ ಮೊದಲು ನೆನಪಾಗುವುದು ಕಾಡುಬಸಳೆ ಎಲೆ, ಬಾಳೆದಿಂಡಿನ ರಸ. ಅವಕ್ಕೆ ಬಗ್ಗದ ಕಲ್ಲಿದ್ದವರು ಸಕಲೇಶಪುರ ದಾಟಿ ಹಾಸನಕ್ಕೆ ಹೋಗುತ್ತಾರೆ, ಇಲ್ಲವೇ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತಾರೆ. ಕಿಡ್ನಿಯ ಕಲ್ಲು 2 ಸೆಂಟಿಮೀಟರ್ ಮೀರಿದ್ದರೆ ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಪಿಸಿಎನ್‌ಎಲ್: ಬೆನ್ನಿನಲ್ಲೊಂದು ಸಣ್ಣ ತೂತು, ಅದರೊಳಗೆ ದುರ್ಬೀನು, ಕಲ್ಲನ್ನು ಪುಡಿ ಮಾಡಿ ಹೊರತೆಗೆಯುವುದು. ಈ ಆಪರೇಷನ್ನಿನ ಕಥೆಯನ್ನು ಕತ್ತಿ-ಕತ್ತರಿಯ ಕಡೆಯಿಂದ ಹೇಳಿದರೆ ಅರ್ಧವೂ ಮುಗಿಯುವುದಿಲ್ಲ. ಸೂಜಿ ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸಿಕೊಟ್ಟ ಯಂತ್ರಗಳದ್ದೇ ಇಲ್ಲಿ ದೊಡ್ಡ ಪಾತ್ರ.

ರೋಂಟ್‌ಗೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಮರುವರ್ಷವೇ ಗ್ಲಾಸ್ಗೋದ ಜಾನ್ ಮ್ಯಾಕಿನ್‌ಟೈರ್ ಕಿಡ್ನಿ ಕಲ್ಲಿನ ಚಿತ್ರ ತೆಗೆದರು. ಕಲ್ಲು ಕಂಡಿತು, ಅದು ಕೂತಿದ್ದ ಮನೆ ಕಾಣಲಿಲ್ಲ. 1929ರಲ್ಲಿ ಮೋಸೆಸ್ ಸ್ವಿಕ್ ರಕ್ತನಾಳಕ್ಕೆ ಅಯೋಡಿನ್ ಬಣ್ಣ ಕೊಟ್ಟು ಚಿತ್ರ ತೆಗೆಯುವ ವಿಧಾನವನ್ನು ತೋರಿಸಿದ ಮೇಲೆ ಮೂತ್ರ ಇಳಿದು ಕೂಡುವ ಒಳಗಿನ ಪುಟ್ಟ ಬಟ್ಟಲುಗಳು ಗೋಚರಿಸಿದವು. ಆದರೂ ಪಕ್ಕೆ ಸೀಳುವುದು ದಶಕಗಳ ಕಾಲ ತಪ್ಪಲಿಲ್ಲ. 1955ರಲ್ಲಿ ಅಮೆರಿಕದ ವಿಲ್ಲರ್ಡ್ ಗುಡ್‌ವಿನ್, ಊದಿಕೊಂಡ ಕಿಡ್ನಿಗೆ ಬೆನ್ನಿನಿಂದ ನಳಿಗೆ ಇಳಿಸಿ ಮೂತ್ರ ಹೊರಬಿಡಬಹುದೆಂದು ವರದಿ ಮಾಡಿದರು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್‌ಸನ್, ಅಂಥದೇ ದಾರಿಯನ್ನು ಹಿಗ್ಗಿಸಿ ಕಲ್ಲನ್ನೇ ತೆಗೆದ ವರದಿ ಪ್ರಕಟಿಸಿದರು.

ಅಲ್ಲಿಂದ ಮುಂದೆ ಎಲ್ಲ ಕಷ್ಟವೂ ಮೊದಲ ಚುಚ್ಚಿನಲ್ಲಿ. ರೋಗಿಯನ್ನು ಬೋರಲು ಮಲಗಿಸಿ, ಕೆಳಗಿನಿಂದ ಏರಿಸಿದ ಸಣ್ಣ ನಳಿಗೆಯಲ್ಲಿ ಬಣ್ಣ ಬಿಟ್ಟು, ಸಿ-ಆರ್ಮ್ ಎಂಬ, ಬೇಕಾದತ್ತ ಓರೆ ಮಾಡಬಲ್ಲ ಎಕ್ಸ್-ರೇ ಯಂತ್ರದ ಪರದೆಯ ಮೇಲೆ ಬಟ್ಟಲನ್ನು ಹುಡುಕುತ್ತಾರೆ. ಸೂಜಿ ಬಟ್ಟಲಿನ ತುದಿಯಿಂದಲೇ ನುಗ್ಗಬೇಕು; ಬಟ್ಟಲುಗಳ ಕತ್ತಿನ ಸುತ್ತ ದೊಡ್ಡ ರಕ್ತನಾಳಗಳಿವೆ, ಅಲ್ಲಿ ತಗುಲಿದರೆ ರಕ್ತ ನಿಲ್ಲಿಸುವುದೇ ಇನ್ನೊಂದು ಕೆಲಸ. ಪರದೆಯ ಚಿತ್ರಕ್ಕೋ ಆಳವೇ ಇಲ್ಲ. ಹಾಗಾಗಿ ಸೂಜಿ ಒಂದೇ ಚುಕ್ಕೆಯಾಗಿ ಕಾಣುವವರೆಗೆ ಸಿ-ಆರ್ಮ್ ಓರೆ ಮಾಡುವ 'ಬುಲ್ಸ್‌ಐ' ವಿಧಾನ ಬಂತು. ಎರಡು ಕೋನದಿಂದ ನೋಡಿ ಆಳ ಲೆಕ್ಕ ಹಾಕುವ ತ್ರಿಕೋನ ವಿಧಾನವೂ ಬಂತು. ಇದಕ್ಕೆ ತೆರುವ ಬೆಲೆ ವಿಕಿರಣ. ರೋಗಿಗೆ ಅದು ಒಂದು ದಿನದ್ದು, ಸೀಸದ ಏಪ್ರನ್ ಹೊತ್ತು ನಿಂತ ವೈದ್ಯರು, ನರ್ಸ್‌ಗಳಿಗೆ ನಿತ್ಯದ್ದು.

ಅಲ್ಟ್ರಾಸೌಂಡಿಗೆ ಆ ಭಯವಿಲ್ಲ. ಅದು ಆಳ ತೋರಿಸುತ್ತದೆ, ಪಕ್ಕದ ಕರುಳನ್ನೂ ತೋರಿಸುತ್ತದೆ. ಸಾದಾ ಎಕ್ಸ್-ರೇಗೆ ಕಾಣದ ಯೂರಿಕ್ ಆಮ್ಲದ ಕಲ್ಲೂ ಅದಕ್ಕೆ ಸಿಗುತ್ತದೆ. ಆದರೆ ಕಿಡ್ನಿ ಊದಿರದಿದ್ದರೆ ಬಟ್ಟಲು ಹುಡುಕುವುದಕ್ಕೆ ಪಳಗಿದ ಕೈ ಬೇಕು. ಅದಕ್ಕೇ ಎಷ್ಟೋ ಕಡೆ ಚುಚ್ಚುವುದಕ್ಕೆ ಅಲ್ಟ್ರಾಸೌಂಡ್, ದಾರಿ ಹಿಗ್ಗಿಸುವುದಕ್ಕೆ ಸಿ-ಆರ್ಮ್ ಎಂಬ ಹೊಂದಾಣಿಕೆ ನಡೆದಿದೆ. ನನಗೆ ಕಂಡಂತೆ ಇದೇ ಜಾಣತನ. (ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ, ಕಿಡ್ನಿ ನೋಡುವ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು. ಮನಸ್ಸು ಬಂದಲ್ಲಿಗೆ ಹೊತ್ತೊಯ್ಯುವಂತಿಲ್ಲ.)

ಸಿ.ಟಿ. ಸ್ಕ್ಯಾನ್ 1971ರಲ್ಲಿ ಹೌನ್ಸ್‌ಫೀಲ್ಡ್ ಯಂತ್ರದಿಂದ ಶುರುವಾದರೂ ಕಲ್ಲಿನ ಪರೀಕ್ಷೆಗೆ ಬಣ್ಣವಿಲ್ಲದ ಸಿ.ಟಿ. ರೂಢಿಗೆ ಬಂದದ್ದು 1990ರ ದಶಕದ ನಡುವಿನಿಂದ. ಕಲ್ಲಿನ ಗಾತ್ರ, ಸಾಂದ್ರತೆ, ಕರುಳು ಎಲ್ಲಿದೆ ಎಂಬುದೆಲ್ಲ ಮೊದಲೇ ತಿಳಿಯುತ್ತದೆ. ಎಡವಟ್ಟೆಂದರೆ, ಸ್ಕ್ಯಾನ್ ತೆಗೆಯುವುದು ಅಂಗಾತ ಮಲಗಿಸಿ, ಆಪರೇಷನ್ ಬಹಳ ಕಡೆ ಬೋರಲು. ಮಗ್ಗುಲು ಬದಲಾದರೆ ಅಂಗಗಳು ಜರುಗುತ್ತವೆ, ಉಸಿರಿಗೊಮ್ಮೆ ಕಿಡ್ನಿಯೂ ಏರಿಳಿಯುತ್ತದೆ. ಸಿ.ಟಿ. ಚಿತ್ರವನ್ನು ಐಪ್ಯಾಡ್ ಮೂಲಕ ರೋಗಿಯ ಬೆನ್ನಿನ ಮೇಲೆ ಹೊಂದಿಸುವ ಜರ್ಮನ್ ಪ್ರಯತ್ನಕ್ಕೂ ಈ ಚಲನೆಯೇ ಸವಾಲು. ಸಿಂಗಪುರದ ಎಎನ್‌ಟಿ-ಎಕ್ಸ್ ರೋಬೋಟು ಎಕ್ಸ್-ರೇ ನೋಡಿ ಸೂಜಿಯ ಕೋನವನ್ನು ತಾನೇ ಹೊಂದಿಸುತ್ತದೆ. ನನ್ನ ಮೆಚ್ಚುಗೆ ಗುಜರಾತಿನ ನಡಿಯಾದ್ ಕಡೆಗೆ: ಮುಲ್ಜಿಭಾಯಿ ಪಟೇಲ್ ಆಸ್ಪತ್ರೆಯ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ 'ಮೈಕ್ರೋಪರ್ಕ್'ನಲ್ಲಿ ಸುಮಾರು 1.6 ಮಿಲಿಮೀಟರ್ ದಪ್ಪದ ಸೂಜಿಯೊಳಗೇ ಕ್ಯಾಮರಾದ ಕಣ್ಣು. ಸೂಜಿ ತಾನು ಹೋಗುವ ದಾರಿಯನ್ನು ತಾನೇ ನೋಡಿಕೊಳ್ಳುತ್ತದೆ. ಸಣ್ಣ ಕಲ್ಲಿಗಷ್ಟೇ ಅದು ಸರಿ. ದೊಡ್ಡ ಕಲ್ಲಿನ ಚೂರು ಆ ದಾರಿಯಲ್ಲಿ ಹೊರಬರುವುದಿಲ್ಲ.

ಮಲೆನಾಡಿನ ರೋಗಿಗೆ ಇದೆಲ್ಲಕ್ಕಿಂತ ತುರ್ತಾಗಿ ಬೇಕಾಗುವುದು ಹಳೆಯ ಗುಡ್‌ವಿನ್ ನಳಿಗೆ. ಕಲ್ಲು ಅಡ್ಡ ನಿಂತು, ಚಳಿಜ್ವರ ಬಂದು, ಕಿಡ್ನಿಯಲ್ಲಿ ಕೀವು ತುಂಬಿದರೆ ಕಲ್ಲು ತೆಗೆಯುವ ಮಾತು ಆಮೇಲೆ. ಮೊದಲು ಕಟ್ಟಿಕೊಂಡದ್ದು ಇಳಿಯಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದಾಗ, ಹಾಸನದಲ್ಲಿ ಒಂದು ಅಲ್ಟ್ರಾಸೌಂಡ್ ಯಂತ್ರ ಮತ್ತು ಅದನ್ನು ನೋಡಿ ಚುಚ್ಚಬಲ್ಲ ವೈದ್ಯರು ಸಿಕ್ಕಿದರೆ ಆ ಕೆಲಸ ಅಲ್ಲೇ ಆಗುತ್ತದೆ.