ಕಪ್ಪು ಕೋಟು ನೇರಳೆಯಾದ ಬಗೆ

ಇಪ್ಪತ್ತು ವರ್ಷ ಹಳೆಯ ಡಿಜಿಟಲ್ ಕ್ಯಾಮರಾಗಳಿಗೆ ಈಗ ಮತ್ತೆ ಬೇಡಿಕೆ. ಗುಜರಿ ಸೇರಬೇಕಿದ್ದ ಅವುಗಳನ್ನು ಹುಡುಕಿ ಕೊಳ್ಳುವವರು ಕೊಡುವ ಕಾರಣ, ಅವುಗಳ ಬಣ್ಣವೇ ಬೇರೆ ಎಂಬುದು. ಹಳೆಯವುಗಳಲ್ಲಿದ್ದುದು ಸಿಸಿಡಿ ಎಂಬ ಬಗೆಯ ಸಂವೇದಕ, ಹೊಸವುಗಳಲ್ಲಿರುವುದು ಸಿಮಾಸ್. ಬಣ್ಣದ ಸೊಗಸು ಹೋದದ್ದು ಈ ಬದಲಾವಣೆಯಿಂದಲೇ ಎಂದು ಅವರ ವಾದ. ಬಣ್ಣ ಬೇರೆಯೆಂಬುದು ಅನೇಕ ಸಲ ನಿಜ. ಕಾರಣ ಮಾತ್ರ ಬೇರೆಡೆ ಇದೆ.

ಎರಡೂ ಸಂವೇದಕಗಳು ಸಿಲಿಕಾನಿನವು. ಸಿಲಿಕಾನಿಗೆ ಬಣ್ಣದ ಅರಿವಿಲ್ಲ. ಬಿದ್ದ ಬೆಳಕೆಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು. ಅದಕ್ಕೆ ಬಣ್ಣ ಕಾಣಿಸುವ, ಇಂದಿಗೂ ಬಳಕೆಯಲ್ಲಿರುವ ಉಪಾಯ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರದು. ಪೇಟೆಂಟ್ ದೊರೆತದ್ದು 1976ರಲ್ಲಿ. ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಶೋಧಕ. ನಾಲ್ಕರಲ್ಲಿ ಎರಡು ಹಸಿರು. ಪ್ರತಿ ಬಿಂದುವಿಗೆ ದಕ್ಕುವುದು ಒಂದೇ ಬಣ್ಣ. ಉಳಿದೆರಡನ್ನು ನೆರೆಯ ಬಿಂದುಗಳನ್ನು ನೋಡಿ ಕ್ಯಾಮರಾ ಲೆಕ್ಕ ಹಾಕುತ್ತದೆ. ಅಂದರೆ ನಾವು ಮೆಚ್ಚುವ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಊಹೆ!

ಸಿಲಿಕಾನಿಗೆ ಇನ್ನೊಂದು ಗುಣ ಉಂಟು. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೂ ಅದಕ್ಕೆ ಕಾಣುತ್ತವೆ. ಅವನ್ನು ತಡೆಯಲು ಸಂವೇದಕದ ಮುಂದೆ ಒಂದು ಗಾಜು ಇರಬೇಕು. 2006ರಲ್ಲಿ ಜರ್ಮನಿಯ ಲೈಕಾ ಕಂಪನಿ ಹೊರತಂದ ಎಂ8 ಕ್ಯಾಮರಾದಲ್ಲಿ ಮಸೂರವು ಸಂವೇದಕಕ್ಕೆ ತೀರ ಹತ್ತಿರ. ಗಾಜು ದಪ್ಪವಾದರೆ ಚಿತ್ರದ ಅಂಚು ಮಸುಕಾಗುವ ಭಯ. ಹಾಗಾಗಿ ತೆಳು ಗಾಜು ಇಟ್ಟರು. ಕೃತಕ ನೂಲಿನ ಕಪ್ಪು ಬಟ್ಟೆ ಅವಕೆಂಪು ಕಿರಣಗಳನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಕಪ್ಪು ಕೋಟುಗಳೆಲ್ಲ ಚಿತ್ರದಲ್ಲಿ ನೇರಳೆಯಾದವು! ಕೊನೆಗೆ ಕಂಪನಿಯು ಕೊಂಡವರಿಗೆ ಎರಡೆರಡು ಶೋಧಕಗಳನ್ನು ಉಚಿತವಾಗಿ ಕೊಡಬೇಕಾಯಿತು. 2009ರ ಎಂ9ರಲ್ಲಿ ಗಾಜು ಸುಧಾರಿಸಿತು, ಕಪ್ಪು ಬಹುಮಟ್ಟಿಗೆ ಕಪ್ಪಾಯಿತು. ಎರಡರಲ್ಲೂ ಇದ್ದದ್ದು ಕೊಡಾಕ್ ತಯಾರಿಸಿದ ಸಿಸಿಡಿಯೇ.

ಕಾಣದ ಬೆಳಕು ಬಣ್ಣವಾಗಿ ಮೂಡಿದ್ದು ಇದೇ ಮೊದಲಲ್ಲ. 1861ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮೂರು ಶೋಧಕಗಳ ಮೂಲಕ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಬಿಂಬಿಸಿ ಪಟ್ಟಿಯೊಂದರ ಬಣ್ಣ ತೋರಿಸಿದರು. ಆಗಿನ ರಾಸಾಯನಿಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಆದರೂ ಕೆಂಪು ಬಂದದ್ದು ಹೇಗೆ? ನೂರು ವರ್ಷಗಳ ಬಳಿಕ ಕೊಡಾಕಿನ ವಿಜ್ಞಾನಿಗಳು ಉತ್ತರ ಕೊಟ್ಟರು: ಪಟ್ಟಿಯ ಕೆಂಪು ಬಣ್ಣ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ಶೋಧಕ ಅವನ್ನು ಒಳಬಿಟ್ಟಿತ್ತು.

ಇನ್ನು ಲೆಕ್ಕದ ಮಾತು. ಹಳೆಯ ಪುಟ್ಟ ಕ್ಯಾಮರಾಗಳ ಲೆಕ್ಕ ಸರಳ. ಆಕಾಶ ಬೆಳ್ಳಗಾದರೆ ಬೆಳ್ಳಗೆ, ನೆರಳು ಕಪ್ಪಾದರೆ ಕಪ್ಪು, ಬಲ್ಬಿನ ಹಳದಿ ಎಷ್ಟೋ ಸಲ ಹಳದಿಯೇ. ಇಂದಿನ ಫೋನು ಒಂದು ಒತ್ತಿಗೆ ಹಲವು ಚಿತ್ರ ಬೆಸೆದು, ನೆರಳನ್ನೆತ್ತಿ, ಮುಖವನ್ನು ಬೇರೆಯಾಗಿ ಗುರುತಿಸಿ ತಿದ್ದುತ್ತದೆ. ಎಲ್ಲ ತಿದ್ದುಪಡಿಯೂ ಕೇಡಲ್ಲ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಪ್ರಯೋಗಾಲಯಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಣ್ಣಿನ ಚಿತ್ರ. ಕಪ್ಪು ಮೈಬಣ್ಣದವರ ಮುಖಗಳು ಅದರಿಂದ ಸೊರಗಿದವು. ಗೂಗಲ್ ತನ್ನ ಫೋನಿನ ಲೆಕ್ಕವನ್ನು ಕಪ್ಪು ಚರ್ಮಕ್ಕೂ ಹೊಂದಿಸಿದ್ದಾಗಿ ಸಾರಿದ್ದು 2021ರಲ್ಲಿ. ತಡವಾಯಿತು ಎನ್ನದೆ ವಿಧಿಯಿಲ್ಲ.

ಹಳೆಯ ಸಿಸಿಡಿ ಕ್ಯಾಮರಾದ ಕಚ್ಚಾ ಕಡತವಿದ್ದರೆ, ಅದನ್ನು ಇಂದಿನ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಅದೇ ಚಿತ್ರ, ಅದೇ ಸಂವೇದಕ. ಬಣ್ಣ ಮಾತ್ರ ಇಂದಿನದು.