ಎರಡು ಆಂಪ್ಲಿಫೈಯರ್, ಒಂದು ಹಿತ್ತಾಳೆ ಪಟ್ಟಿ

ನಾನು ಹಾಡು ಕೇಳೋದಕ್ಕಿಂತ ವೈರು ಬದಲಾಯಿಸೋದೇ ಜಾಸ್ತಿ ಅಂತ ನನ್ನವಳ ದೂರು. ಮೊನ್ನೆ ಭಾನುವಾರ ಅದಕ್ಕೆ ಸಾಕ್ಷಿಯೂ ಸಿಕ್ಕಿತು.

ನನ್ನ ಸ್ಪೀಕರ್‌ಗಳ ಹಿಂದೆ ಎರಡೆರಡು ಜೊತೆ ಟರ್ಮಿನಲ್ ಇವೆ. ಒಂದು ವೂಫರ್‌ಗೆ, ಇನ್ನೊಂದು ಟ್ವೀಟರ್‌ಗೆ. ನನ್ನದೊಂದು ಆಂಪ್ಲಿಫೈಯರ್, ಅಪ್ಪ ಬಿಟ್ಟುಹೋದದ್ದೊಂದು. ಎರಡನ್ನೂ ಜೋಡಿಸಿದೆ. ಟರ್ಮಿನಲ್‌ಗಳ ನಡುವಿನ ಹಿತ್ತಾಳೆ ಪಟ್ಟಿ ಬಿಚ್ಚೋದನ್ನು ಮಾತ್ರ ಮರೆತೆ! ಒಂದರ ಔಟ್‌ಪುಟ್ ಇನ್ನೊಂದರದ್ದಕ್ಕೆ ನೇರ ತಾಗಿತು, ಎರಡರ ಗೇನ್ ಬೇರೆ ಬೇರೆ... ಅಪ್ಪನ ಆಂಪ್ಲಿಫೈಯರ್‌ನಿಂದ ಹೊಗೆ.

ಬೇಜಾರಲ್ಲಿ ಕೂತು, ಈ ಹುಚ್ಚು ಎಲ್ಲಿಂದ ಶುರುವಾಯಿತು ಅಂತ ಓದತೊಡಗಿದೆ.

ಟಾಕಿ ಚಿತ್ರಗಳು ಬಂದಾಗ ದೊಡ್ಡ ಥಿಯೇಟರ್ ತುಂಬುವಂತೆ ಮಂದ್ರವನ್ನೂ ತಾರವನ್ನೂ ಒಂದೇ ಸ್ಪೀಕರ್ ನುಡಿಸುವುದು ಕಷ್ಟವಾಯಿತು. 1930ರ ದಶಕದ ಮಧ್ಯದಲ್ಲಿ ಎಂಜಿಎಂ ಸ್ಟುಡಿಯೋದ ಡಗ್ಲಸ್ ಶಿಯರರ್ ತಂಡ ಎರಡಕ್ಕೂ ಬೇರೆ ಬೇರೆ ಹಾರ್ನ್ ಇಟ್ಟಿತು. ಮುಂದೆ ಜೆಬಿಎಲ್ ಕಟ್ಟಿದ ಜೇಮ್ಸ್ ಲ್ಯಾನ್ಸಿಂಗ್ ಕೂಡ ಈ ಕೆಲಸದಲ್ಲಿದ್ದರು. ಸದ್ದನ್ನು ಎರಡು ಪಾಲು ಮಾಡುವುದು ಕ್ರಾಸೋವರ್, ಅಂದರೆ ಕಾಯಿಲ್ ಮತ್ತು ಕೆಪಾಸಿಟರ್‌ಗಳ ಜಾಲ. ಅದರ ಜಾಗ ಆಂಪ್ಲಿಫೈಯರ್ ಆದಮೇಲೆ. ನಮ್ಮ ಮನೆಯ ಸಾಮಾನ್ಯ ಸ್ಪೀಕರ್ ಡಬ್ಬಿಯೊಳಗೂ ಇರೋದು ಇದೇ.

ಇನ್ನೊಂದು ದಾರಿಯಿದೆ. ಸಿಗ್ನಲ್ ಸಣ್ಣದಿರುವಾಗಲೇ ಪಾಲು ಮಾಡಿ, ಪ್ರತಿ ಪಾಲಿಗೂ ಒಂದೊಂದು ಆಂಪ್ಲಿಫೈಯರ್ ಕೊಡೋದು. ಈ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದವರು ಸೀಗ್‌ಫ್ರೀಡ್ ಲಿಂಕ್‌ವಿಟ್ಜ್. ಹೊಟ್ಟೆಪಾಡಿಗೆ ಕ್ಯಾಲಿಫೋರ್ನಿಯಾದ ಎಚ್‌ಪಿಯಲ್ಲಿ ಅಳತೆಯ ಉಪಕರಣಗಳ ಇಂಜಿನಿಯರ್, ಸ್ಪೀಕರ್ ಅನ್ನೋದು ಹವ್ಯಾಸ. ಪಾಲಾದ ಸದ್ದು ಮತ್ತೆ ಸೇರುವಾಗ ಉಬ್ಬುತಗ್ಗು ಬರಬಾರದಲ್ಲ? ಸಹೋದ್ಯೋಗಿ ರಸ್ ರೈಲಿ ಒಂದು ಫಿಲ್ಟರ್ ಸೂಚಿಸಿದರು. ಪಾಲಾಗುವ ಜಾಗದಲ್ಲಿ ಎರಡೂ 6 ಡೆಸಿಬೆಲ್ ತಗ್ಗಿದ್ದು, ಏರಿಳಿತದಲ್ಲಿ ಹೆಜ್ಜೆ ತಪ್ಪದಿದ್ದರೆ ಮೊತ್ತ ಸಪಾಟು. 1976ರಲ್ಲಿ ಲಿಂಕ್‌ವಿಟ್ಜ್ ಅದನ್ನು ಪ್ರಕಟಿಸಿದರು. 1978ರಲ್ಲಿ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ತಮ್ಮ ಸ್ಪೀಕರ್ ವಿನ್ಯಾಸವನ್ನೇ ಹವ್ಯಾಸಿಗಳ ಮುಂದಿಟ್ಟರು. 2018ರಲ್ಲಿ ತೀರಿಕೊಂಡರು. ಲಿಂಕ್‌ವಿಟ್ಜ್-ರೈಲಿ ಫಿಲ್ಟರ್ ಮಾತ್ರ ಇವತ್ತಿಗೂ ಬಳಕೆಯಲ್ಲಿದೆ.

ಇದರ ಲಾಭ ಏನು? ಸ್ವಲ್ಪ ಲೆಕ್ಕ, ಬೋರಾದರೆ ಕ್ಷಮಿಸಿ. 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಕೊಡೋಕೆ 20 ವೋಲ್ಟ್ ಬೇಕು. ಮಂದ್ರಕ್ಕೆ 20, ತಾರಕ್ಕೆ 20 ಅಂದುಕೊಳ್ಳಿ. ಒಂದೇ ಆಂಪ್ಲಿಫೈಯರ್ ಎರಡನ್ನೂ ಹೊತ್ತು, ಎರಡರ ತುದಿಗಳೂ ಒಟ್ಟಿಗೆ ಬಿದ್ದರೆ ಅದು 40 ವೋಲ್ಟಿನ ತಾಕತ್ತು ತೋರಿಸಬೇಕು. ಅಂದರೆ 200 ವ್ಯಾಟಿನದ್ದಾಗಿರಬೇಕು! ಮೊದಲೇ ಪಾಲು ಮಾಡಿದರೆ 50ರ ಎರಡು ಸಾಕು. ಮೃದಂಗದ ಪೆಟ್ಟಿಗೆ ಒಂದು ಸುಸ್ತಾದರೂ ಪಿಟೀಲಿನ ಮೇಲಿನ ಸ್ವರಗಳು ಒಡೆಯೋದಿಲ್ಲ.

ಇಲ್ಲಿಗೆ ಬಂದಾಗ ನನಗೆ ನಿಜಕ್ಕೂ ಚುರುಕ್ ಅಂದಿತು. ನಾನು ಮಾಡಿದ್ದರಲ್ಲಿ ಕ್ರಾಸೋವರ್ ಇನ್ನೂ ಸ್ಪೀಕರ್ ಒಳಗೇ ಇತ್ತು. ಎರಡು ಆಂಪ್ಲಿಫೈಯರ್‌ಗೂ ಪೂರ್ತಿ ಹಾಡೇ ಹೋಗುತ್ತಿತ್ತು. ಪಟ್ಟಿ ಬಿಚ್ಚಿದ್ದರೂ ಕರೆಂಟ್ ಹಂಚಿಹೋಗುತ್ತಿತ್ತೇ ಹೊರತು ವೋಲ್ಟೇಜ್ ಅಲ್ಲ, ಇಬ್ಬರೂ ಆ 40 ವೋಲ್ಟ್ ಹೊರಲೇಬೇಕು. ಎಷ್ಟು ಆಂಪ್ಲಿಫೈಯರ್ ಅನ್ನೋದಕ್ಕಿಂತ ಎಲ್ಲಿ ಪಾಲು ಮಾಡ್ತೀವಿ ಅನ್ನೋದು ಮುಖ್ಯ. ಹೀಗೆ, ಬಾರದ ಲಾಭಕ್ಕೆ ಅಪ್ಪನ ನೆನಪನ್ನು ಸುಟ್ಟುಕೊಂಡೆ.

ರಿಪೇರಿಯವರು ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿ ಕೊಟ್ಟರು. ಈಗ ಅದೊಂದೇ ಹಾಡುತ್ತಿದೆ. ಪಟ್ಟಿ ಅದರ ಜಾಗದಲ್ಲೇ ಇದೆ.

ನೀವೂ ಹೀಗೆ ಹೊಗೆ ಎಬ್ಬಿಸಿದ್ದೀರಾ? ಇದ್ದರೆ ಬರೆಯಿರಿ, ನನಗೂ ಸ್ವಲ್ಪ ಸಮಾಧಾನವಾಗಲಿ :-)